ತಲೆಗೆ ಮಾತ್ರ ಪಟ್ಟಿ ಕಟ್ಟುತ್ತಿದ್ದ ಮನುಷ್ಯ

ಈ ಮನುಷ್ಯನಿಂದ ನಾನು ಕಲಿತ ಪಾಠಕ್ಕೆ ಬಿದ್ದ ಬೆಲೆ ಒಂದು ಕಾಲು. ಎಡಗಾಲು, ಮೊಣಕಾಲಿನಿಂದ ಕೆಳಗಿನದು. ಕಾಲು ನನ್ನದಲ್ಲ, ನನ್ನ ಅಡುಗೆ ನೋಡಿಕೊಳ್ಳುವ ಶರಣಮ್ಮನದು. ಜೀವ ಉಳಿಯಿತು, ಆದರೆ ಅದನ್ನು ಉಳಿಸಿದವರು ಬೇರೆಯವರು. ನಾನು ಚೌಕಾಸಿ ಮಾಡದೆ ಕೊತ್ತಂಬರಿ ಸಿವುಡು ಸಹ ಕೊಂಡವನಲ್ಲ. ಇದೊಂದರಲ್ಲಿ ಮಾತ್ರ ಕೇಳಿದ ಬೆಲೆ ಕೊಟ್ಟು ಬರಬೇಕಾಯಿತು, ಅದೂ ಇನ್ನೊಬ್ಬರ ಮೈಯಿಂದ. ಯಾಕೆ ಅಷ್ಟು ಬಿತ್ತು ಅಂದರೆ, ರಸ್ತೆ ಬದಿಯಲ್ಲಿ ಈ ಮನುಷ್ಯ ತನಗೆ ಗೊತ್ತಿದ್ದ ಒಂದೇ ಕೆಲಸವನ್ನು ಭಾಳ ಚೆಂದಾಗಿ ಮಾಡಿದ.

ಹೋದ ತಿಂಗಳು ಅವರು ತೀರಿಕೊಂಡರು. ವಯಸ್ಸಾಗಿತ್ತು, ಮಲಗಿದಲ್ಲೇ ಹೋದರಂತೆ. ಶಹಾಪುರದಲ್ಲಿ ನುಡಿನಮನ ಇಟ್ಟುಕೊಂಡರು. ಶಾಮಿಯಾನಾ ನನ್ನದು, ಕುರ್ಚಿ ನನ್ನದು, ಮೈಕು ನನ್ನದು. ಎದ್ದು ನಿಂತವರೆಲ್ಲ ಜೀವರಕ್ಷಕ ಅಂದರು, ಸೇವಾಮೂರ್ತಿ ಅಂದರು. ಒಬ್ಬರು ಕಣ್ಣೊರೆಸಿಕೊಂಡು, ಮತ್ತೆ ಕನ್ನಡಕ ಹಾಕಿಕೊಂಡು, ಚೀಟಿ ನೋಡಿ ಮುಂದಿನ ಸಾಲು ಓದಿದರು. ಕಡೆಗೆ ನನ್ನ ಕಡೆ ತಿರುಗಿ, "ಸೇಠ, ನೀವೂ ಎರಡು ಮಾತಾಡ್ರಿ, ನಿಮ್ಮದು ಭಾಳ ವರ್ಷದ ಒಡನಾಟ" ಅಂದರು. ಮೈಕಿನ ವೈರು ಸಡಿಲಾಗಿದೆ, ನೋಡಿ ಬರ್ತೀನಿ ಅಂತ ಎದ್ದು ಹೋದೆ. ವೈರು ಗಟ್ಟಿಯಾಗೇ ಇತ್ತು.

ಅಲ್ಲಿ ಆಡದ ಎರಡು ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವರ ಮನೆಯವರು ಒಳ್ಳೆಯ ಜನ. ಮೇಲಾಗಿ ಇಂಥವರು ಒಬ್ಬರೇ ಅಲ್ಲ, ಒಬ್ಬರ ಹೆಸರು ಬರೆದರೆ ಉಳಿದವರೆಲ್ಲ ಆರಾಮಾಗಿ ಉಸಿರು ಬಿಡುತ್ತಾರೆ. ಎಲ್ಲರೂ ಅವರನ್ನು ಸಾಹೇಬರು ಅನ್ನುತ್ತಿದ್ದರು, ನಾನೂ ಅನ್ನುತ್ತೇನೆ. ಬಾಯಿಗೆ ಬಿದ್ದ ರೂಢಿ.

ನನ್ನ ಕಸುಬು ಹೇಳಿದರೆ ಮುಂದಿನದು ತಿಳಿಯುತ್ತದೆ. ಶಹಾಪುರದಲ್ಲಿ ಕೈಗಾಡಿ ಮೇಲೆ ಬಾಡಿಗೆ ಕುರ್ಚಿ ತಳ್ಳಿಕೊಂಡು ಶುರು ಮಾಡಿದವನು ನಾನು. ಈಗ ಶಹಾಪುರ, ಸುರಪುರ, ಯಾದಗಿರಿ ಮೂರೂ ಕಡೆ ಎಲ್ಲಿ ತರಬೇತಿ ನಡೆದರೂ ಪೆಂಡಾಲಿನಿಂದ ಹಿಡಿದು ಊಟದ ತನಕ ನನ್ನದೇ. ಕುರ್ಚಿ ಹಾಕುವವನು ಎಲ್ಲರಿಗಿಂತ ಮೊದಲು ಬರುತ್ತಾನೆ, ಎಲ್ಲರಿಗಿಂತ ಕೊನೆಗೆ ಹೋಗುತ್ತಾನೆ. ಭಾಷಣ ಮಾಡುವವರು ತಮ್ಮನ್ನು ನೂರು ಜನ ನೋಡುತ್ತಿದ್ದಾರೆ ಅಂದುಕೊಂಡಿರುತ್ತಾರೆ. ಖರೆ ಅಂದರೆ ಅವರನ್ನು ಪೂರಾ ನೋಡುವವನು ಕುರ್ಚಿಯವನೊಬ್ಬನೇ.

ಸಾಹೇಬರು ಶಾಲೆಯ ಮಾಸ್ತರರಿಗೂ ಪೊಲೀಸರಿಗೂ ಅಪಘಾತದ ಪ್ರಥಮ ಚಿಕಿತ್ಸೆ ಕಲಿಸುವ ತರಬೇತುದಾರರು. ರಸ್ತೆಯಲ್ಲಿ ಗಾಡಿ ಬಿದ್ದಾಗ ಡಾಕ್ಟರಿಗಿಂತ ಮೊದಲು ಅಲ್ಲಿರುವವರು ಇವರೇ, ಅದಕ್ಕೇ ಇವರಿಗೆ ಕಲಿಸಬೇಕು. ವಿಚಾರ ಚೊಲೋದೇ. ಬಿಳಿ ಸಫಾರಿ, ಎದೆಗೆ ಕೆಂಪು ಬಿಲ್ಲೆ, ಎಣ್ಣೆ ಹಾಕಿ ಹಿಂದಕ್ಕೆ ಬಾಚಿದ ತಲೆ. ದನಿ ಎಂಥಾದ್ದು ಅಂದರೆ ನನ್ನ ಮೈಕಿಗೇ ನಾಚಿಕೆ ಬರಬೇಕು. ಶುರುವಿನಲ್ಲೇ ಕೈಗಡಿಯಾರ ಎತ್ತಿ ತೋರಿಸುತ್ತಿದ್ದರು: "ಅಪಘಾತ ಆದ ಮೇಲಿನ ಮೊದಲ ತಾಸು ಬಂಗಾರದ ತಾಸು. ಒಂದೊಂದು ನಿಮಿಷಕ್ಕೂ ಜೀವದ ಕಿಮ್ಮತ್ತು." ಇಷ್ಟು ಹೇಳುವವರು ಒಂದು ಸಲವೂ ಕಾರ್ಯಕ್ರಮವನ್ನು ಹೇಳಿದ ಹೊತ್ತಿಗೆ ಶುರು ಮಾಡಿದವರಲ್ಲ. ಮುಂಜಾನೆಯ ಕಾರ್ಯಕ್ರಮ ಅಂದರೆ ಜನ ಬಂದು, ಕುಂತು, ಬಿಸಿಲೇರಿ, ಪೊಲೀಸರು ಟೋಪಿಯಿಂದ ಗಾಳಿ ಬೀಸಿಕೊಂಡು, ಶಾಲೆಯ ಮೇಡಮ್ಮನವರು ಅರ್ಧ ಉತ್ತರಪತ್ರಿಕೆ ತಿದ್ದಿ ಮುಗಿಸಿದ ಮೇಲೆ ಜೀಪು ಬರುತ್ತಿತ್ತು. ಮುಖ್ಯ ಅತಿಥಿ ಇನ್ನೂ ಬಂದಿಲ್ಲ ಅಂದರೆ ಜೀಪಿನಲ್ಲೇ ಕುಂತಿರುತ್ತಿದ್ದರು. ಬಂಗಾರ ಹಾಗೇ ಕರಗುತ್ತಿತ್ತು.

ಕಲಿಸುತ್ತಿದ್ದುದು ಒಂದೇ, ತಲೆಗೆ ಪಟ್ಟಿ ಕಟ್ಟುವುದು. ಮುಂದಿನ ಸಾಲಿನಿಂದ ಒಬ್ಬ ಸಣಕಲು ಪೇದೆಯನ್ನು ಕರೆದು ಕುರ್ಚಿ ಮೇಲೆ ಕೂಡಿಸಿ, ಬಿಳಿ ಬಟ್ಟೆಯ ಸುರುಳಿ ಬಿಡಿಸಿ, ಹಣೆಗೆ ಒಂದು ಸುತ್ತು, ನೆತ್ತಿಗೆ ಒಂದು ಸುತ್ತು, ಕಿವಿಯ ಹಿಂದಿನಿಂದ ಇನ್ನೊಂದು ಸುತ್ತು ಹಾಕುತ್ತಿದ್ದರು. ಕೈ ನೋಡಬೇಕಿತ್ತು, ಹೂಮಾಲೆ ಕಟ್ಟುವವರ ಕೈ. ಗಂಟು ಎಡಹುಬ್ಬಿನ ಮೇಲೇ ಬರಬೇಕು. ಆಮೇಲೆ ಎರಡು ಬೆರಳಿನಿಂದ ಪೇದೆಯ ಗದ್ದ ಹಿಡಿದು ಇಷ್ಟೇ ಇಷ್ಟು ಬೆಳಕಿನ ಕಡೆ ತಿರುಗಿಸಿ, ತಾವು ಪಕ್ಕಕ್ಕೆ ನಿಂತು, ಫೋಟೋದವನಿಗೆ ಕಣ್ಣು ಮಾಡುತ್ತಿದ್ದರು.

ತಲೆಯೇ ಯಾಕೆ ಅಂತ ನಾನೊಮ್ಮೆ ಊಟದ ಹೊತ್ತಿನಲ್ಲಿ ಕೇಳಿದೆ. ಮುಚ್ಚುಮರೆ ಇಲ್ಲದೆ ಹೇಳಿದರು. ಮೇಲಿನವರಿಗೆ ವರದಿ ಹೋಗುವಾಗ ಜೊತೆಗೆ ಫೋಟೋ ಹೋಗಬೇಕು. ಕಾಲಿಗೆ ಕಟ್ಟಿದರೆ ಮೇಜಿನ ಅಡಿ ಆಗುತ್ತದೆ, ಕೈಗೆ ಕಟ್ಟಿದರೆ ಪಕ್ಕದವರ ಮರೆ ಆಗುತ್ತದೆ. ತಲೆಗೆ ಕಟ್ಟಿದರೆ ಹಿಂದಿನ ಸಾಲಿನಲ್ಲಿ ನಿಂತವನೂ ಕಾಣುತ್ತಾನೆ. ವ್ಯಾಪಾರದವನಾಗಿ ನನಗೆ ಈ ಲೆಕ್ಕಾಚಾರ ಅರ್ಥವಾಯಿತು. ಅಂಗಡಿಯ ಮಾಲು ಎದುರಿಗೆ ಕಾಣಬೇಕು ಅನ್ನುವುದು ಖರೆ. ಆದರೆ ಒಳಗೂ ಮಾಲು ಇರಬೇಕಲ್ಲ.

ಕಟ್ಟುವ ಸುರುಳಿಯೂ ಒಂದೇ. ಮಾಸ್ತರರಿಗೂ ಅದೇ, ಪೊಲೀಸರಿಗೂ ಅದೇ, ವರ್ಷಗಟ್ಟಲೆ ಅದೇ. ಎಷ್ಟು ಜನರ ತಲೆಯ ಎಣ್ಣೆ ಕುಡಿದಿತ್ತೋ. ಕಾರ್ಯಕ್ರಮ ಮುಗಿದ ಮೇಲೆ ಅದನ್ನು ತಂದು ಅಡುಗೆ ಮಾಡುವಲ್ಲಿ ಇಟ್ಟು, ಶರಣಮ್ಮ, ಇದನ್ನೊಂದು ಸ್ವಲ್ಪ ಹಿಂಡಿ ಹಾಕು ಅನ್ನುತ್ತಿದ್ದರು. ಆಕೆ ಸಾಬೂನು ಹಚ್ಚಿ ಒಗೆದು ನನ್ನ ಶಾಮಿಯಾನಾದ ಹಗ್ಗಕ್ಕೆ ಒಣ ಹಾಕುತ್ತಿದ್ದಳು, ಸಂಜೆಗೆ ಸುತ್ತಿ ಕೊಡುತ್ತಿದ್ದಳು.

ಶರಣಮ್ಮ ಕೊಂಕಲ್‌ನವಳು, ನನಗಿಂತ ಹಿರಿಯಳು. ನಾನು ಅಕ್ಕ ಅನ್ನುತ್ತೇನೆ, ಆಕೆ ನನ್ನನ್ನು ತಮ್ಮಾ ಅನ್ನುತ್ತಾಳೆ. ಕೈಗಾಡಿಯ ಕಾಲದಲ್ಲಿ ನನ್ನನ್ನು ನಂಬಿ ಕೆಲಸಕ್ಕೆ ಬಂದವರಲ್ಲಿ ಮೊದಲನೆಯವಳು. ಆಕೆಯ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇರುತ್ತದೆ ಅಂತ ಗೊತ್ತಾದರೆ ತರಬೇತಿಗೆ ಹಾಜರಿ ತಾನಾಗೇ ತುಂಬುತ್ತಿತ್ತು. ನಿಂತುಕೊಂಡೇ ರೊಟ್ಟಿ ಬಡಿಯುವಳು, ಅಷ್ಟು ಜನಕ್ಕೂ ಒಬ್ಬಳೇ. ಬಾಯಿಯೂ ಹಾಗೇ. ಸುರುಳಿ ಹಿಂಡುತ್ತ ಒಮ್ಮೆ ಸಾಹೇಬರನ್ನು ಕೇಳಿದಳು: "ಏನ್ರೀ ಸಾಹೇಬ್ರ, ನಿಮ್ಮ ಪೊಲೀಸ್ರಿಗಿ ತಲಿ ಬಿಟ್ರ ಬ್ಯಾರೆ ಏನೂ ಇಲ್ಲೇನ್ರಿ?" ಸುತ್ತಲಿದ್ದ ಪೇದೆಗಳು ನಕ್ಕರು. ಸಾಹೇಬರೂ ನಕ್ಕರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಸಿಟ್ಟು ಬರಬೇಕಾದರೆ ಮಾತು ಒಳಗೆ ಇಳಿಯಬೇಕು.

ರಾಮಸಮುದ್ರದ ಶಾಲೆಯಲ್ಲಿ ನಡೆದದ್ದು ಹೇಳುತ್ತೇನೆ. ಸಾಹೇಬರು ಹೆಡ್‌ಮಾಸ್ತರರ ತಲೆಗೆ ಪಟ್ಟಿ ಸುತ್ತುತ್ತಿದ್ದಾಗ ಹಿಂದೆ ಕುಂತ ಒಬ್ಬ ಮಾಸ್ತರರ ಬೆರಳು ನನ್ನ ಮಡಚು ಕುರ್ಚಿಯ ಸಂದಿನಲ್ಲಿ ಸಿಕ್ಕು ಸೀಳಿತು. ರಕ್ತ ಬಳಬಳ ಸುರಿಯಿತು. ಪಾಪದವನು ಬೆರಳು ಎತ್ತಿ ಹಿಡಿದು ಮುಂದೆ ಬಂದ. ಸಾಹೇಬರು ಮೈಕಿನಲ್ಲೇ, "ಕಾರ್ಯಕ್ರಮ ನಡದದ, ಆಮ್ಯಾಲ ನೋಡೋಣ, ಕುಂದರ್ರಿ" ಅಂದರು. ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಗಾಯವಾದವನು ಅಡುಗೆಯವರ ಕಡೆ ಓಡಿ ಹೋಗಿ ಅರಿಶಿಣ ಮೆತ್ತಿಸಿಕೊಂಡು ಬಂದ. ಅವನೂ ಸೇರಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಸಾಹೇಬರ ಆಸ್ತಿ ಇನ್ನೆರಡು ಇದ್ದವು. ಒಂದು, ಕೆಂಪು ಗುರುತಿನ ತಗಡಿನ ಡಬ್ಬಿ, ಅರಗಿನ ಸೀಲು ಹಾಕಿದ್ದು. ಜೀಪಿನಿಂದ ಇಬ್ಬರು ಎತ್ತಿ ತಂದು ವೇದಿಕೆ ಮೇಲೆ ಇಡಬೇಕು, ಅತಿಥಿಗಳು ಅದಕ್ಕೆ ಹೂವು ಏರಿಸಬೇಕು, ಮತ್ತೆ ಎತ್ತಿ ಜೀಪಿಗೆ ಹಾಕಬೇಕು. ದೊಡ್ಡವರು ಯಾರಾದರೂ ಬಂದಾಗ ಅವರ ಕೈಯಿಂದಲೇ ಸೀಲು ಒಡೆಸಬೇಕು ಅಂತ ಅವರ ಆಸೆ. ಅಷ್ಟು ದೊಡ್ಡವರು ಬರಲೇ ಇಲ್ಲ, ಬಂದವರು ದೀಪ ಹಚ್ಚಿ ಹೋದರು. ಡಬ್ಬಿ ಊರೂರು ತಿರುಗಿತು, ಬಾಯಿ ಬಿಡಲಿಲ್ಲ.

ಇನ್ನೊಂದು, ಶಾಲು. ನಮ್ಮ ಕಡೆ ಬಂದವರಿಗೆ ಶಾಲು ಹೊದಿಸಿ ಮಾಲೆ ಹಾಕಿ ಸನ್ಮಾನ ಮಾಡುವುದು ಪದ್ಧತಿ. ಕರೆದವರು ಮರೆತಾರು ಅನ್ನುವ ಅಂಜಿಕೆಗೆ ಸಾಹೇಬರು ತಮ್ಮ ಚೀಲದಲ್ಲೇ ಒಂದು ಶಾಲು ಇಟ್ಟುಕೊಂಡಿರುತ್ತಿದ್ದರು. ಕುಂಕುಮ ಬಣ್ಣದ್ದು, ಜರಿ ಅಂಚು, ದಪ್ಪ. ಕಾರ್ಯಕ್ರಮದ ಮೊದಲು ಅದನ್ನು ಮುಖ್ಯೋಪಾಧ್ಯಾಯರ ಕೈಗೋ ಠಾಣೆಯವರ ಕೈಗೋ ದಾಟಿಸುತ್ತಿದ್ದರು. ಅವರು ಅದನ್ನೇ ಸಾಹೇಬರಿಗೆ ಹೊದಿಸುತ್ತಿದ್ದರು. ಹೊದಿಸಿದ ಶಾಲು ಮನೆ ಮುಟ್ಟುವ ತನಕ ಹೆಗಲಿನಿಂದ ಇಳಿಯುತ್ತಿರಲಿಲ್ಲ, ಎಂಥಾ ಬೇಸಿಗೆ ಇರಲಿ.

ಇಷ್ಟೆಲ್ಲ ಬರೆದು, ಅವರು ಕಳ್ಳರು ಅಂತ ನಾನು ಹೇಳುತ್ತಿಲ್ಲ. ಹೆಚ್ಚಿನ ಒಂದು ಕಪ್ಪು ಚಹಾ ಕುಡಿದವರಲ್ಲ. ಡಬ್ಬಿಯೊಳಗಿನ ಒಂದು ಹತ್ತಿ ಎಳೆಯನ್ನೂ ಮನೆಗೆ ಒಯ್ದವರಲ್ಲ. ಕಳ್ಳರಾಗಿದ್ದರೆ ಚೊಲೋ ಇತ್ತು, ಡಬ್ಬಿ ಒಡೆಯುವುದಾದರೂ ಗೊತ್ತಿರುತ್ತಿತ್ತು.

ಸುರಪುರದ ಆ ದಿನದ ತರಬೇತಿ ಪೊಲೀಸರಿಗೆ ಮತ್ತು ಅಲ್ಲಿಯ ಶಾಲೆಗಳವರಿಗೆ ಕೂಡಿಯೇ ಇತ್ತು. ಸಾಹೇಬರು ಸುತ್ತು ಹಾಕಿ, ಗಂಟು ಕಟ್ಟಿ, ಗದ್ದ ತಿರುಗಿಸಿದರು. ಪ್ರಶ್ನೆ ಇದ್ದರೆ ಕೇಳ್ರಿ ಅಂದರು. ಯಾರೂ ಕೇಳಬಾರದು, ಅದೂ ಪದ್ಧತಿಯೇ. ರೇಣುಕಾ ಅಂತ ಒಬ್ಬಾಕಿ ಹೆಡ್ ಕಾನ್‌ಸ್ಟೆಬಲ್ ಎದ್ದು ನಿಂತಳು. ಹೆದ್ದಾರಿಯ ಮೇಲೆ ಡ್ಯೂಟಿ ಮಾಡಿದವಳು, ಗಟ್ಟಿ ಆಳು. ರಸ್ತೆ ಮೇಲೆ ತಾನು ನೋಡಿದ್ದರಲ್ಲಿ ಕಾಲು ಮುರಿದವರು, ತೊಡೆ ಸೀಳಿದವರೇ ಹೆಚ್ಚು, ಅದಕ್ಕೆ ಏನು ಮಾಡಬೇಕು ಅಂತ ಕೇಳಿದಳು.

"ತಲಿ ಇದ್ರ ಕಾಲಮ್ಮಾ," ಅಂದರು ಸಾಹೇಬರು. "ಮೊದಲು ತಲಿ ಕಲಿ."

ಎಲ್ಲರೂ ನಕ್ಕರು. ರೇಣುಕಾ ನಗಲಿಲ್ಲ. "ಹಂಗಾದ್ರ ಆ ಡಬ್ಬಿ ತಗದು ಕಾಲಿಂದೂ ಒಂದ್ಸಲ ತೋರಸ್ರಿ ಸರ್" ಅಂದಳು. ಸಾಹೇಬರು ಡಬ್ಬಿ ಮೇಲೆ ಕೈ ಇಟ್ಟು, ನಾಳೆ ಯಾದಗಿರಿಯಲ್ಲಿ ದೊಡ್ಡ ಸಾಹೇಬರು ಬರುತ್ತಿದ್ದಾರೆ, ಅವರ ಕೈಯಿಂದ ಸೀಲು ಒಡೆಸುವುದು ನಿಕ್ಕಿಯಾಗಿದೆ, ಅಲ್ಲಿಗೆ ಬಂದರೆ ನೋಡಬಹುದು ಅಂದರು. ಅಷ್ಟರಲ್ಲಿ ಊಟದ ಗಂಟೆ ಹೊಡೆದರು. ಆಕೆಯ ಪ್ರಶ್ನೆ ನನ್ನ ಕುರ್ಚಿಗಳ ನಡುವೆ ಬಿದ್ದೇ ಉಳಿಯಿತು.

ಸಂಜೆ ಎಲ್ಲ ಸಾಮಾನು ಟೆಂಪೋಕ್ಕೆ ಹೇರಿ ಶಹಾಪುರದ ಕಡೆ ಹೊರಟೆವು. ಓಡಿಸುವವನು ನಮ್ಮ ಖಾಜಾ, ಪಕ್ಕದಲ್ಲಿ ನಾನು. ಶರಣಮ್ಮ ಹಿಂದೆ ಪಾತ್ರೆಗಳ ನಡುವೆ, ಮಡಚಿದ ಶಾಮಿಯಾನಾದ ಮೇಲೆ ಕುಂತಿದ್ದಳು. ಮುಂದೆ ಕುಂದ್ರು ಅಂದರೆ ಕೇಳುವವಳಲ್ಲ, ತನ್ನ ಪಾತ್ರೆ ಯಾರೋ ಇಳಿಸಿಕೊಂಡಾರು ಅನ್ನುವ ಗುಮಾನಿ. ಸಾಹೇಬರ ಜೀಪು ನಮ್ಮ ಹಿಂದೆಯೇ ಇತ್ತು. ಶಹಾಪುರದಲ್ಲಿ ತನಗೆ ಕೆಲಸವಿದೆ ಅಂತ ರೇಣುಕಾ ಆ ಜೀಪಿನಲ್ಲೇ ಕುಂತಿದ್ದಳು, ಜೊತೆಗೆ ಇಬ್ಬರು ಮಾಸ್ತರರು.

ಕಾಲುವೆಯ ಸೇತುವೆ ದಾಟಿದ ಕೂಡಲೇ ಕುರಿಹಿಂಡು ರಸ್ತೆಗೆ ಏರಿತು. ಖಾಜಾ ಹೊರಳಿಸಿದ. ಟೆಂಪೋ ಬದಿಯ ಭತ್ತದ ಗದ್ದೆಗೆ ಮಗ್ಗುಲಾಯಿತು. ನನಗೆ ಭುಜ ತರಚಿತು, ಖಾಜಾಗೆ ತುಟಿ ಒಡೆಯಿತು. ಶರಣಮ್ಮ ಹಾರಿ ಗದ್ದೆಯ ಕೆಸರಿನಲ್ಲಿ ಬಿದ್ದಿದ್ದಳು. ಪೆಂಡಾಲಿನ ಕಬ್ಬಿಣದ ಪಟ್ಟಿಯೊಂದು ಆಕೆಯ ಮೊಣಕಾಲಿನ ಹಿಂದೆ ಸೀಳಿಕೊಂಡು ಹೋಗಿತ್ತು. ಅದು ನಮಗೆ ಆಗ ಗೊತ್ತಿರಲಿಲ್ಲ. ಕಂಡದ್ದು ಹಣೆಯ ಮೇಲಿನ ತರಚು ಗಾಯ, ಅದರಿಂದ ಸಣ್ಣಗೆ ಇಳಿದ ರಕ್ತ.

ಜೀಪು ನಿಂತಿತು. ಸಾಹೇಬರು ಇಳಿದರು. ನಾನು ಸುಳ್ಳು ಯಾಕೆ ಹೇಳಲಿ, ಅವರನ್ನು ಕಂಡ ಕೂಡಲೇ ನನ್ನ ಎದೆ ಹಗುರಾಯಿತು. ಊರಿಗೆಲ್ಲ ಕಲಿಸುವವರೇ ಬಂದರಲ್ಲ ಅಂದುಕೊಂಡೆ. ಇಳಿದ ಕೂಡಲೇ ರೇಣುಕಾ ಫೋನು ಹಚ್ಚಿ ನೂರಾ ಎಂಟಕ್ಕೆ ಜಾಗದ ಗುರುತು ಹೇಳುತ್ತ ರಸ್ತೆಯ ಮೇಲೆ ಬರುವ ಗಾಡಿಗಳನ್ನು ತಡೆಯಲು ನಿಂತಳು. ಸಾಹೇಬರು ಗದ್ದೆಗೆ ಇಳಿದು, ಶರಣಮ್ಮನ ತಲೆಯ ಹತ್ತಿರ ಕುಂತು, ಚೀಲದಿಂದ ಸುರುಳಿ ತೆಗೆದರು. ಮಧ್ಯಾಹ್ನ ಆಕೆಯೇ ಒಗೆದು ಒಣಗಿಸಿ ಸುತ್ತಿ ಕೊಟ್ಟ ಸುರುಳಿ, ಇನ್ನೂ ಸಾಬೂನಿನ ವಾಸನೆ ಇತ್ತು.

ತಲೆ ಅಲುಗದಂತೆ ಹಿಡಿ ಅಂತ ನನಗೆ ಹೇಳಿದರು, ಹಿಡಿದೆ. ಹಣೆಗೆ ಒಂದು ಸುತ್ತು, ನೆತ್ತಿಗೆ ಒಂದು ಸುತ್ತು. ಅವಸರ ಇಲ್ಲ. ಮಾಸ್ತರರಿಬ್ಬರೂ ಮುಂಜಾನೆ ಕಲಿತದ್ದು ಇದೇ, ಹೌದ್ರಿ, ಹೌದ್ರಿ ಅನ್ನುತ್ತ ನಿಂತಿದ್ದರು. ಶರಣಮ್ಮ ಮೆಲ್ಲಗೆ, "ತಮ್ಮಾ, ಕಾಲು ತಣ್ಣಗಾಗಾಕತ್ತಾವ" ಅಂದಳು.

ನಾನು ಸಾಹೇಬರ ಮುಖ ನೋಡಿದೆ. "ನೀರಾಗ ಬಿದ್ದಾಳಲ್ಲ, ಅದಕ್ಕ" ಅಂದರು. ಸುತ್ತುತ್ತಲೇ ಇದ್ದರು.

ಆಕೆ ಉಟ್ಟಿದ್ದು ಕೆಂಪು ಇಳಕಲ್ ಸೀರೆ, ಬಿದ್ದದ್ದು ಕೆಸರು ನೀರಿನಲ್ಲಿ. ಕೆಂಪಿನ ಮೇಲೆ ಕೆಂಪು ಕಾಣುವುದಿಲ್ಲ, ಕೆಸರಿನಲ್ಲಿ ಅಷ್ಟೂ ಕಾಣುವುದಿಲ್ಲ. ಕಾಣದ್ದನ್ನು ಕೈ ಹಾಕಿ ನೋಡಬೇಕು ಅಂತ ನಮ್ಮ ಐವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನಮಗೆಲ್ಲ ತಲೆ ಸಿಕ್ಕಿತ್ತು. ಗಂಟು ಎಡಹುಬ್ಬಿನ ಮೇಲೆ ಬಂತು. ಆಗ ಸಾಹೇಬರು ಎರಡು ಬೆರಳಿನಿಂದ ಶರಣಮ್ಮನ ಗದ್ದ ಹಿಡಿದು ಇಷ್ಟೇ ಇಷ್ಟು ಬೆಳಕಿನ ಕಡೆ ತಿರುಗಿಸಿದರು. ಬೇಕಂತ ಮಾಡಿದ್ದಲ್ಲ, ಅಷ್ಟು ವರ್ಷ ಮಾಡಿದ ಕೈ, ತಾನಾಗೇ ಮಾಡಿತು. ಮಾಸ್ತರರಲ್ಲಿ ಒಬ್ಬ, ಅವನೂ ಕಲಿತದ್ದನ್ನೇ ಮಾಡಿದ. ಮೊಬೈಲು ತೆಗೆದು ಫೋಟೋ ಹೊಡೆದ.

ರಸ್ತೆಯಿಂದ ರೇಣುಕಾ ಇಳಿದು ಬಂದವಳು ಪಟ್ಟಿಯ ಕಡೆ ನೋಡಲೇ ಇಲ್ಲ. ಶರಣಮ್ಮನ ಬಿಳಿಚಿದ ತುಟಿ ನೋಡಿದಳು. ಸೀದಾ ಸೀರೆಯೊಳಗೆ ಕೈ ಹಾಕಿ ಸೊಂಟದಿಂದ ಕೆಳಗೆ ಸವರಿದಳು, ಬಲಗಾಲು, ಆಮೇಲೆ ಎಡಗಾಲು. ಕೈ ಹೊರಗೆ ಬಂದಾಗ ಮಣಿಕಟ್ಟಿನ ತನಕ ರಕ್ತ. ಡಬ್ಬಿ ತರ್ರಿ ಅಂತ ಕೂಗಿದಳು. ಖಾಜಾ ಓಡಿ ಜೀಪಿನಿಂದ ಡಬ್ಬಿ ಎಳೆದ. ಸಾಹೇಬರು ಎದ್ದು ನಿಂತರು.

"ಏ, ಸೀಲು ಒಡೀಬ್ಯಾಡ," ಅಂದರು. "ನಾಳಿ ಕಾರ್ಯಕ್ರಮ ಅದ."

ಈ ಮಾತನ್ನು ನಾನು ಕಿವಿಯಾರೆ ಕೇಳಿದೆ. ಇವತ್ತಿಗೂ ಕುರ್ಚಿ ಹಾಕುವಾಗ, ರೊಟ್ಟಿ ಮುರಿಯುವಾಗ ಕೇಳುತ್ತೇನೆ. ರೇಣುಕಾ ಅವರ ಜೊತೆ ವಾದ ಮಾಡಲಿಲ್ಲ. ಕೈ ಚಾಚಿ ಅವರ ಹೆಗಲಿನ ಶಾಲು ಎಳೆದಳು. ಮಡಚಿ ಗಾಯದೊಳಗೆ ತುರುಕಿ, ಎರಡೂ ಅಂಗೈ ಅದರ ಮೇಲಿಟ್ಟು, ಮೈಭಾರವೆಲ್ಲ ಹಾಕಿ ಒತ್ತಿ ಕುಂತಳು. ಸಾಹೇಬರ ಬಾಯಿಯಿಂದ, "ಅದು ಸನ್ಮಾನದ್ದಮ್ಮಾ" ಅನ್ನುವ ಮಾತು ಬಂತು.

"ಆಕಿಗಿ ಆಗ್ಲಿ ಬಿಡ್ರಿ ಸನ್ಮಾನ," ಅಂದಳು ರೇಣುಕಾ. ಅಂಬುಲೆನ್ಸ್ ಬರುವ ತನಕ ಕೈ ಎತ್ತಲಿಲ್ಲ.

ಖಾಜಾ ಅಷ್ಟರಲ್ಲಿ ಜಾಕಿನ ಹಿಡಿಕೆಯಿಂದ ಸೀಲು ಒಡೆದೇ ಬಿಟ್ಟಿದ್ದ. ಒಳಗೆ ಎಲ್ಲ ಇತ್ತು. ಗಾಯದ ಮೇಲೆ ಒತ್ತುವ ದಪ್ಪ ಹತ್ತಿಯ ಮೆತ್ತೆಗಳು, ಅಗಲ ಪಟ್ಟಿಗಳು, ಕತ್ತರಿ, ಕೈಗವಸು, ಕಾಲಿಗೆ ಆಸರೆ ಕೊಡುವ ಹಲಗೆ, ಒಂದೂ ಕಡಿಮೆ ಇಲ್ಲ. ಖಾಲಿ ಇದ್ದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಶಹಾಪುರದ ಆಸ್ಪತ್ರೆಯಿಂದ ಕಲಬುರಗಿಗೆ ಕಳಿಸಿದರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ರಕ್ತನಾಳ ಹರಿದಿತ್ತು, ರಕ್ತ ಭಾಳ ಹೋಗಿತ್ತು ಅಂದರು. ನಾನು ಡಾಕ್ಟರರನ್ನು ಬಿಡಲಿಲ್ಲ. ಬಿದ್ದ ಕೂಡಲೇ ಒತ್ತಿ ಹಿಡಿದಿದ್ದರೆ ಕಾಲು ಉಳಿಯುತ್ತಿತ್ತೇನು ಅಂತ ತಿರುಗಿ ತಿರುಗಿ ಕೇಳಿದೆ. ಉಳಿಯುತ್ತಿತ್ತು ಅಂತ ಹೇಳಲಾರೆ, ಉಳಿಯುತ್ತಿರಲಿಲ್ಲ ಅಂತಲೂ ಹೇಳಲಾರೆ ಅಂದರು. ಆದರೆ ಆ ಹೆಣ್ಣುಮಗಳು ಇನ್ನೂ ಸ್ವಲ್ಪ ತಡ ಮಾಡಿದ್ದರೆ ನೀವು ಇಲ್ಲಿ ಕಾಲಿನ ಮಾತು ಆಡುತ್ತಲೇ ಇರಲಿಲ್ಲ ಅಂದರು. ಹೇಳಬೇಕಾದದ್ದನ್ನು ನ್ಯಾಯವಾಗಿ ಹೇಳಬೇಕು, ಅದಕ್ಕೇ ಡಾಕ್ಟರರ ಮಾತನ್ನು ಇದ್ದಂತೆ ಬರೆದೆ. ಸಾಹೇಬರು ಕಾಲು ಕಡಿದರು ಅಂತ ನಾನು ಹೇಳುವುದಿಲ್ಲ. ಕಾಲು ಇದೆ ಅನ್ನುವುದೇ ಅವರಿಗೆ ನೆನಪಿರಲಿಲ್ಲ ಅಂತ ಹೇಳುತ್ತೇನೆ.

ಇಲ್ಲಿಗೆ ನಿಂತಿದ್ದರೆ ನಾನು ಕ್ಷಮಿಸುತ್ತಿದ್ದೆನೋ ಏನೋ. ಅಂಜಿದ ಹೊತ್ತಿನಲ್ಲಿ ಯಾರ ಕೈಯಾದರೂ ಸೋಲುತ್ತದೆ. ಆದರೆ ಮಾಸ್ತರರು ಹೊಡೆದ ಆ ಫೋಟೋ ಇತ್ತಲ್ಲ, ಗದ್ದೆಯಲ್ಲಿ ಶರಣಮ್ಮ, ತಲೆಗೆ ಮಲ್ಲಿಗೆ ಮೊಗ್ಗಿನಂಥ ಪಟ್ಟಿ, ಪಕ್ಕದಲ್ಲಿ ಸಾಹೇಬರು. ಅದು ವರದಿಗೆ ಹೋಯಿತು. ಸ್ಥಳದಲ್ಲೇ ಪ್ರಥಮ ಚಿಕಿತ್ಸೆ, ಮಹಿಳೆಯ ಜೀವ ಉಳಿಸಿದ ತರಬೇತುದಾರ ಅಂತ ಕೆಳಗೆ ಬರೆದರು. ಅದಕ್ಕೊಂದು ಪ್ರಶಸ್ತಿ ಬಂತು. ಪ್ರಶಸ್ತಿಗೆ ಒಂದು ಸಮಾರಂಭ, ಸಮಾರಂಭಕ್ಕೆ ಹೊಸ ಶಾಲು. ರೇಣುಕಾಳನ್ನು ಕರೆಯಲಿಲ್ಲ, ಫೋಟೋದಲ್ಲಿ ಆಕೆ ಇರಲಿಲ್ಲವಲ್ಲ. ಮುಂದಿನ ತರಬೇತಿಗಳಲ್ಲಿ ಸಾಹೇಬರು ಆ ಫೋಟೋವನ್ನು ಪರದೆಯ ಮೇಲೆ ದೊಡ್ಡದಾಗಿ ಹಾಕಿಸಿ, ನೋಡ್ರಿ, ಗಂಟು ಎಲ್ಲಿ ಬಂದಿದೆ ನೋಡ್ರಿ ಅಂತ ಕೋಲಿನಿಂದ ತೋರಿಸುತ್ತಿದ್ದರು.

ಆಸ್ಪತ್ರೆಗೆ ಒಮ್ಮೆ ಬಂದಿದ್ದರು. ಮೋಸಂಬಿ ತಂದಿದ್ದರು. ಕೆಳಗೆ ನೋಡದೆ, ಶರಣಮ್ಮನ ಹಣೆ ನೋಡಿ, ಗಾಯ ಚೆಂದ ಮಾಯ್ದಿದೆ, ಗುರುತೂ ಉಳಿದಿಲ್ಲ ಅಂದರು. ಹೋಗುವಾಗ ಬಾಗಿಲಿನಲ್ಲಿ ನನ್ನನ್ನು ತಡೆದು ದನಿ ಇಳಿಸಿ, ಆ ಶಾಲು ಏನಾಯಿತು, ಒಗೆದರೆ ಕಲೆ ಹೋಗಬಹುದೇನೋ ಅಂತ ವಿಚಾರಿಸಿದರು. ಮೆಲ್ಲಗೆ ಕೇಳಿದರೂ ಆ ದನಿ ಎಲ್ಲಿ ಅಡಗೀತು. ಶರಣಮ್ಮನಿಗೆ ಕೇಳಿಸಿತು. ಹಾಸಿಗೆಯಿಂದಲೇ ಅಂದಳು:

"ಕಳಸ್ರಿ ಸಾಹೇಬ್ರ, ಹಿಂಡಿ ಹಾಕ್ತೀನಿ. ಒಂಟಿ ಕಾಲಾಗ ನಿಂತು ಒಗಿಯೋದು ಇನ್ನ ಕಲಿಬೇಕು, ಸ್ವಲ್ಪ ಹೊತ್ತಾಗ್ತದ."

ಅವತ್ತು ಒಂದು ಸಲ ಮಾತ್ರ ಆ ಮನುಷ್ಯನ ಒಳಗೆ ಮಾತು ಇಳಿದದ್ದನ್ನು ನೋಡಿದೆ. ಮುಖ ಸಣ್ಣದಾಯಿತು. ಕೈ ತಾನಾಗೇ ಹೆಗಲಿಗೆ ಹೋಯಿತು, ಅಲ್ಲಿ ಏನೂ ಇರಲಿಲ್ಲ. ಆ ಗಳಿಗೆ ಅಲ್ಲೇ ಕುಂತು ಒಂದು ಮಾತು ಆಡಿದ್ದರೆ ಇವತ್ತು ನಾನು ಬೇರೆ ಥರ ಬರೆಯುತ್ತಿದ್ದೆ. ಹೊತ್ತಾಯಿತು, ಬಸ್ಸಿದೆ ಅಂತ ಹೋದರು.

ನುಡಿನಮನದ ಬ್ಯಾನರಿನ ಮೇಲೂ ಅದೇ ಫೋಟೋ. ಅವತ್ತಿನ ಊಟವೂ ಶರಣಮ್ಮನದೇ. ಬ್ಯಾಡ, ಬೇರೆಯವರಿಗೆ ಹೇಳ್ತೀನಿ ಅಂದಿದ್ದೆ, ಉಪವಾಸ ಬಂದ ಜನ ಏನು ಪಾಪ ಮಾಡ್ಯಾರ ಅಂದಳು. ಈಗ ಕಟ್ಟಿಗೆಯ ಎತ್ತರದ ಪೀಠದ ಮೇಲೆ ಕುಂತು ರೊಟ್ಟಿ ಬಡಿಯುತ್ತಾಳೆ, ಪೀಠ ನಾನೇ ಅಳತೆ ಕೊಟ್ಟು ಮಾಡಿಸಿದ್ದು. ಭಾಷಣ ನಡೆದಿದ್ದಾಗ ಕೈ ಒರೆಸಿಕೊಂಡು ಬ್ಯಾನರಿನ ಕಡೆ ಭಾಳ ಹೊತ್ತು ನೋಡಿದಳು. ಏನಾದರೂ ಬೈಯುತ್ತಾಳೆ ಅಂತ ಕಾದೆ.

"ಪಟ್ಟಿ ಮಾತ್ರ ಚೊಲೋ ಕಟ್ಟಿದ್ದ ನೋಡು ತಮ್ಮಾ," ಅಂದಳು. ಮತ್ತೆ ಹಿಟ್ಟಿಗೆ ಕೈ ಹಾಕಿದಳು.

ಇನ್ನು ನಿಮಗೆ ಹೇಳಬೇಕಾದದ್ದು. ನೀವು ಶಾಲೆಯವರಾದರೂ ಸರಿ, ಠಾಣೆಯವರಾದರೂ ಸರಿ, ನಿಮ್ಮಲ್ಲೂ ಒಂದು ಡಬ್ಬಿ ಇರುತ್ತದೆ. ಮುಖ್ಯೋಪಾಧ್ಯಾಯರ ಕೋಣೆಯ ಬೀರುವಿನ ಮೇಲೆ, ಧೂಳು ಹಿಡಿದು, ಕೀಲಿ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲದೆ. ನಾಳೆ ಅನ್ನಬೇಡಿ, ಇವತ್ತೇ ತೆಗೆಯಿರಿ. ಕೀಲಿ ಸಿಗದಿದ್ದರೆ ಒಡೆಯಿರಿ, ಯಾರಾದರೂ ಕೇಳಿದರೆ ಶಹಾಪುರದ ಕುರ್ಚಿಯವನು ಹೇಳಿದ ಅನ್ನಿ. ಬೀಗ ಹಾಕದೆ ಎಲ್ಲರ ಕೈಗೆ ಸಿಗುವಲ್ಲಿ ಇಡಿ. ಒಳಗಿನದು ಹಳೆಯದಾಗಿದ್ದರೆ ಬದಲಿಸಿ.

ರಸ್ತೆಯಲ್ಲಿ ಯಾರಾದರೂ ಬಿದ್ದರೆ, ಯಾರಾದರೂ ಫೋನು ಮಾಡ್ರಿ ಅಂತ ಗಾಳಿಗೆ ಕೂಗಬೇಡಿ. ಒಬ್ಬರ ಕಡೆ ಬೆರಳು ಮಾಡಿ, ನೀನು ನೂರಾ ಎಂಟಕ್ಕೆ ಹಚ್ಚು ಅನ್ನಿ. ಉಸಿರು ಆಡುತ್ತಿದೆಯೇ ನೋಡಿ. ಕಂಡ ಗಾಯಕ್ಕೆ ಮರುಳಾಗಬೇಡಿ, ಬಟ್ಟೆಯೊಳಗೆ, ಬೆನ್ನಿನ ಅಡಿ, ಕಾಲಿನ ಕೆಳಗೆ ಕೈ ಹಾಕಿ ಸವರಿ ಕೈ ನೋಡಿಕೊಳ್ಳಿ. ಹೆಣ್ಣುಮಗಳು ಅಂತ ನಾಚಿ ನಿಲ್ಲಬೇಡಿ. ರಕ್ತ ಸುರಿಯುತ್ತಿದ್ದರೆ ಸಿಕ್ಕ ದಪ್ಪ ಬಟ್ಟೆ ಇಟ್ಟು ಮೈಭಾರ ಹಾಕಿ ಒತ್ತಿ. ನಿಂತಿತೇನೋ ಅಂತ ನಡುನಡುವೆ ಎತ್ತಿ ನೋಡಬೇಡಿ. ತೊಯ್ದರೆ ಅದರ ಮೇಲೆ ಇನ್ನೊಂದು ಇಟ್ಟು ಒತ್ತಿ. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಬೇಡಿ, ಅದರ ಅತ್ತಿತ್ತ ಒತ್ತಿ. ಅರಿಶಿಣ, ಚಹಾಪುಡಿ ಮೆತ್ತಬೇಡಿ. ನೀರು ಕುಡಿಸಬೇಡಿ. ತಣ್ಣಗಾಗುತ್ತಿದೆ ಅಂತ ಬಿದ್ದವರು ಹೇಳಿದರೆ ತಪ್ಪನ್ನು ಗದ್ದೆಯ ನೀರಿನ ಮೇಲೆ ಹಾಕಬೇಡಿ, ರಕ್ತ ಎಲ್ಲಿ ಹೋಗುತ್ತಿದೆ ಅಂತ ಹುಡುಕಿ, ಮತ್ತೆ ಬೆಚ್ಚಗೆ ಹೊದಿಸಿ.

ತರಬೇತಿ ಕೊಡುವವರು ಬಂದರೆ ತಲೆಗೆ ಕಟ್ಟಿಸಿಕೊಳ್ಳಬೇಡಿ, ಕಾಲು ಮುಂದೆ ಚಾಚಿ. ನೋಡಿದ್ದು ಸಾಕು, ನಮ್ಮ ಕೈಯಿಂದ ಮಾಡಿಸ್ರಿ ಅನ್ನಿ. ನಾನಂತೂ ಈಗ ಕರಾರು ಮಾಡಿಕೊಳ್ಳುವಾಗಲೇ ಒಂದು ಮಾತು ಸೇರಿಸುತ್ತೇನೆ, ಪ್ರಥಮ ಚಿಕಿತ್ಸೆಯ ತರಬೇತಿ ಆದರೆ ಡಬ್ಬಿಯ ಬಾಯಿ ತೆರೆದ ಮೇಲೆಯೇ ಊಟದ ಬಾಯಿ ತೆರೆಯುತ್ತದೆ. ತಕರಾರು ಮಾಡಿದವರು ಇದ್ದಾರೆ. ಮಾಡಲಿ. ಶರಣಮ್ಮನ ರೊಟ್ಟಿಯ ವಾಸನೆ ಬಂದ ಮೇಲೆ ಯಾವ ಸೀಲೂ ಭಾಳ ಹೊತ್ತು ನಿಲ್ಲುವುದಿಲ್ಲ.

ಮತ್ತೆ, ನಿಮಗೆ ಯಾರಾದರೂ ಶಾಲು ಹೊದಿಸಿದರೆ ಬೇಡ ಅನ್ನಬೇಡಿ. ದಪ್ಪನೆಯದೇ ಕೊಡಿ ಅನ್ನಿ. ಗಾಡಿಯಲ್ಲಿ ಮಡಚಿ ಇಟ್ಟಿರಿ, ಕೈಗೆ ಸಿಗುವಲ್ಲಿ.